ಮೂರನೇ ನಂಬರಿನ ಜಾಗ

ನಾನು ಕಾರು ಓಡಿಸಲು ಕಲಿತದ್ದು ಐವತ್ತನಾಲ್ಕನೇ ವಯಸ್ಸಿನಲ್ಲಿ. ಮಿರಜದ ನಮ್ಮ ಮನೆಯಿಂದ ಸಾಂಗಲಿಯ ನಮ್ಮ ಅಂಗಡಿಗೆ ಹೋಗಿ ಬರುವುದನ್ನು ಒಂದೇ ತಿಂಗಳಲ್ಲಿ ಕಲಿತುಬಿಟ್ಟೆ. ಎಮ್ಮೆ ಅಡ್ಡ ಬಂದರೂ, ಸಿಟಿ ಬಸ್ಸು ಮೈಮೇಲೆ ಬಂದರೂ ಹೆದರುತ್ತಿರಲಿಲ್ಲ. ಆದರೆ ಓಡಿಸಿದ ಕಾರನ್ನು ಹಿಂದಕ್ಕೆ ತೆಗೆದು ಎಲ್ಲಾದರೂ ನಿಲ್ಲಿಸಬೇಕಲ್ಲ? ಅದು ಈ ಭೂಮಿಯ ಮೇಲೆ ಒಂದೇ ಒಂದು ಕಡೆ ನನಗೆ ಬರುತ್ತಿತ್ತು, ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮೂರನೇ ನಂಬರಿನ ಜಾಗದಲ್ಲಿ. ಅಂಗಡಿಯ ಹತ್ತಿರ ದೊಡ್ಡ ಬಯಲಿತ್ತು, ಅಲ್ಲಿ ನೇರ ನುಗ್ಗಿಸಿ ಬಿಟ್ಟರೆ ಹಿಂದಕ್ಕೆ ತೆಗೆಯುವ ಗೋಜಿರಲಿಲ್ಲ.

ಅದನ್ನು ನಾನು ಹೋಳಿಗೆ ಮಾಡಲು ಕಲಿತ ಹಾಗೆ ಅಳತೆಯಿಟ್ಟು ಕಲಿತಿದ್ದೆ. ಎಡಗಡೆಯ ಕನ್ನಡಿ ಮೀಟರ್ ಪೆಟ್ಟಿಗೆಯ ಸಮಕ್ಕೆ ಬಂದ ಕೂಡಲೇ ಸ್ಟೇರಿಂಗ್ ಪೂರ್ತಿ ಬಲಕ್ಕೆ. ಹಿಂದಿನ ಗಾಜಿನಲ್ಲಿ, ಕಂಬದ ಮೇಲೆ ಯಾರೋ ಪುಣ್ಯಾತ್ಮ ಉಗಿದ ಎಲೆ ಅಡಿಕೆಯ ಕಲೆ ಕಂಡಾಗ ನೇರ. ಕೆಳಗಿನ ಮನೆಯವರ ತುಳಸಿ ಕುಂಡ ಕಿಟಕಿಗೆ ಬಂದಾಗ ಬ್ರೇಕು. ಒಮ್ಮೆ ಆ ಕಂಬಕ್ಕೆ ಸುಣ್ಣ ಹೊಡೆಯಲು ಬಂದವನನ್ನು ನಾನು ಬೈದು ವಾಪಸ್ ಕಳಿಸಿದ್ದೇನೆ. ಆ ಕಲೆ ಹೋಗಿಬಿಟ್ಟರೆ ನನ್ನ ಗತಿ ಏನು?

ಕಾರು ನಮ್ಮ ಮನೆಯವರದು. ಹನ್ನೊಂದು ವರ್ಷ ಅವರೇ ಓಡಿಸಿದರು, ನಾನು ಎಡಗಡೆ ಕುಳಿತೆ. ಸಾಂಗಲಿಯ ಪೇಠೆಯಲ್ಲಿ ನಮ್ಮದು ಅರಿಷಿಣ, ಒಣದ್ರಾಕ್ಷಿಯ ಅಂಗಡಿ. ಬೆಳಿಗ್ಗೆ ಇಬ್ಬರೂ ಹೋಗುತ್ತಿದ್ದೆವು. ಎರಡು ವರ್ಷದ ಹಿಂದೆ ಅವರ ಕಣ್ಣಿನ ಎರಡೂ ಬದಿಯ ನೋಟ ಕಡಿಮೆಯಾಗುತ್ತ ಬಂತು. ಎದುರಿಗಿರುವುದು ಕಾಣುತ್ತದೆ, ಮಗ್ಗುಲಿನಿಂದ ಬರುವುದು ಕಾಣುವುದಿಲ್ಲ. ಇನ್ನು ಗಾಡಿ ಓಡಿಸಬೇಡಿ ಎಂದು ಡಾಕ್ಟರು ಹೇಳಿದ ದಿನ ಅವರು ಊಟ ಮಾಡಲಿಲ್ಲ. ಮರುದಿನ ಎದ್ದು, ಕಾರು ಮಾರಿಬಿಡೋಣ ಎಂದರು. ನಾನು ಕಲಿಯುತ್ತೇನೆ ಅಂದೆ. ಅವರು ನಕ್ಕರು. ಆ ನಗುವಿಗೇ ನಾನು ಡ್ರೈವಿಂಗ್ ಕ್ಲಾಸಿಗೆ ಹೆಸರು ಹಚ್ಚಿದ್ದು.

ಕೊನೆಗೆ ಅವರು ಒಂದು ಕರಾರು ಹಾಕಿದರು.

"ದೀಪಾವಳಿ ತನಕ ನೋಡೂನು. ಗಾಡಿಗೆ ಒಂದು ಗೀರು ಬೀಳಬಾರದು. ರಸ್ತಾದಾಗ ಬಿಟ್ಟು ಮ್ಯಾಲ ಬರಬಾರದು. ಇದರಾಗ ಒಂದು ತಪ್ಪಿದರೂ ಮಾರಿಬಿಡೂದು. ಕವಲಾಪುರದ ಒಬ್ಬರು ತಗೋತೀನಿ ಅಂದಾರ."

ರಸ್ತೆಯ ಮಾತು ಅವರು ಸುಮ್ಮನೆ ಹೇಳಿದ್ದಲ್ಲ. ನಮ್ಮ ಓಣಿ ಆಸ್ಪತ್ರೆಗಳ ಓಣಿ. ಅಂಬುಲೆನ್ಸು ಬರುವ ಕಡೆ ಅಡ್ಡ ನಿಲ್ಲಿಸುವುದು ಪಾಪ ಎಂದು ನನಗೂ ಗೊತ್ತು. ಆದ್ದರಿಂದ ಒಪ್ಪಿದೆ. ಆದರೆ ಅವರು ಮಾತ್ರ ನನ್ನ ಪಕ್ಕದಲ್ಲಿ ಕೂರಲು ಒಪ್ಪಲಿಲ್ಲ. ಬೆಳಿಗ್ಗೆ ನಾನು ಕಾರು ತೆಗೆಯುತ್ತಿದ್ದೆ, ಅವರು ಸಿಟಿ ಬಸ್ಸು ಹತ್ತುತ್ತಿದ್ದರು. ಬಸ್ಸಿನ ಕಡೆಯ ಸೀಟಿನಲ್ಲಿ ಕುಳಿತು, ಹಿಂದಿನ ಗಾಜಿನಿಂದ ನನ್ನನ್ನು ನೋಡುತ್ತ ಸಾಂಗಲಿ ಮುಟ್ಟುತ್ತಿದ್ದರು. ಗಂಡ ಬಸ್ಸಿನಲ್ಲಿ, ಹೆಂಡತಿ ಅದರ ಹಿಂದೆ ಖಾಲಿ ಕಾರಿನಲ್ಲಿ. ಪೇಠೆಯಲ್ಲಿ ಇದು ದಿನದ ತಮಾಷೆಯಾಗಿತ್ತು. ಅವರಂತೂ ಯಾರು ನಕ್ಕರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನನಗೆ ಅದರಿಂದ ಬೇಜಾರಾಗುತ್ತಿತ್ತು, ಸುಳ್ಳೇಕೆ ಹೇಳಲಿ. ಆದರೂ ಕೀಲಿಕೈ ನನ್ನ ಸೊಂಟದಲ್ಲಿತ್ತು. ಮದುವೆಯಾದಾಗಿನಿಂದ ಯಾರಾದರೂ ಕರೆದೊಯ್ದರೆ ಹೋಗಿದ್ದೆ, ಕರೆತಂದರೆ ಬಂದಿದ್ದೆ. ಈಗ ಒಂದು ಮಂಗಳವಾರ ಯಾರಿಗೂ ಹೇಳದೆ ಕಸಬೆ ಡಿಗ್ರಜದ ನನ್ನ ತಂಗಿಯ ಮನೆಗೆ ಹೋಗಿ, ಒಲೆಯ ಮುಂದೆ ಕುಳಿತು ಎರಡು ಬಿಸಿ ರೊಟ್ಟಿ ತಿಂದು, ಎರಡು ತಾಸಿನೊಳಗೆ ಮರಳಿ ಬಂದೆ. ಆ ರೊಟ್ಟಿಯ ರುಚಿ ಈಗಲೂ ನಾಲಿಗೆಯ ಮೇಲಿದೆ. ಆ ಕಾರು ಮಾರಿಹೋಗಬಾರದು ಎಂದು ಆ ದಿನವೇ ಹಟ ಹಿಡಿದೆ.

ಹಟಕ್ಕೆ ಅಡ್ಡ ಬಂದವರು ಹೊರಗಿನವರು. ಅಂಗಡಿಯಿಂದ ನಾನು ಮಧ್ಯಾಹ್ನ ಒಂದೂವರೆಗೆ ಮನೆಗೆ ಬರುತ್ತೇನೆ. ಅದೇ ಹೊತ್ತಿಗೆ ಆಸ್ಪತ್ರೆಗಳಲ್ಲಿ ಜನ ತುಂಬಿರುತ್ತದೆ. ರಸ್ತೆಯಲ್ಲಿ ಜಾಗ ಸಿಗದವರು ನಮ್ಮ ಗೇಟಿನೊಳಗೆ ನುಗ್ಗುತ್ತಾರೆ. ನುಗ್ಗಿದವರಿಗೆ ಮೊದಲು ಕಾಣುವುದು ಮೂರನೇ ನಂಬರು. ಒಬ್ಬ ಮಹಾಶಯ ತನ್ನ ಕಾರನ್ನು ನನ್ನ ಜಾಗದಲ್ಲಿ ನಿಲ್ಲಿಸಿ, ಅದಕ್ಕೆ ಮೇಲಿನಿಂದ ಹೊದಿಕೆ ಬೇರೆ ಹೊದಿಸಿ, ನಾಲ್ಕೂ ಮೂಲೆ ಕಟ್ಟಿ ಹೋಗಿದ್ದ. ಇನ್ನೊಬ್ಬ ನಾನು ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿದ್ದರೆ ಓಡಿ ಬಂದು, "ಸ್ವಲ್ಪ ನಿಮ್ ಗಾಡಿ ತಗೀರಿ, ನಮಗ ಹೊರಗ ಹೋಗೂದೈತಿ" ಎಂದು ನನಗೇ ಜೋರು ಮಾಡಿದ. ನಾನಾದರೋ ರಸ್ತೆಯಲ್ಲಿ ಬಿಡುವಂತಿಲ್ಲ, ಬೇರೆ ಕಡೆ ನಿಲ್ಲಿಸಲು ಬರುವುದಿಲ್ಲ. ಗೇಟಿನ ಬಾಯಲ್ಲಿ ಎಂಜಿನ್ ಆರಿಸಿ, ಕಾರಿನಲ್ಲೇ ಕುಳಿತು, ಶೇಂಗಾ ತಿನ್ನುತ್ತ ಅವರು ಬರುವ ತನಕ ಕಾಯುತ್ತಿದ್ದೆ. ಒಂದು ದಿನ ಮೂರು ಗಂಟೆಯ ತನಕ ಕಾದಿದ್ದೇನೆ.

ನಮ್ಮ ಸೊಸೈಟಿಯ ಸೆಕ್ರೆಟರಿ ನಿವೃತ್ತ ಮಾಸ್ತರರು, ಆ ತುಳಸಿ ಕುಂಡದ ಮಾಲೀಕರು. ಅವರಿಗೆ ದೂರು ಹೇಳಿದರೆ, "ಕಾಯ ಕರಣಾರ ವಹಿನೀ, ಪೇಶಂಟ ಆಹೇತ" ಎಂದರು. ಏನು ಮಾಡುವುದು ಅತ್ತಿಗೆ, ರೋಗಿಗಳು ಪಾಪ ಅಂತ. ಪಾಪವೆಲ್ಲ ಅವರಿಗೆ, ಶೇಂಗಾ ನನಗೆ! ಆದರೂ ಗೇಟಿಗೆ ಮರಾಠಿಯಲ್ಲಿ ಒಂದು ಬೋರ್ಡು ಬರೆಸಿ ಹಾಕಿದರು, ಇಲ್ಲಿ ಗಾಡಿ ನಿಲ್ಲಿಸಬಾರದು ಎಂದು. ಮರಾಠಿ ಮಂದಿ ಅದನ್ನು ಓದಿ ಬರುವುದು ಬಿಟ್ಟರು, ಅರ್ಧ ಕಾಟ ತಪ್ಪಿತು. ಉಳಿದ ಅರ್ಧ ನಮ್ಮವರೇ, ಗಡಿಯ ಆಚೆ ಈಚೆಯ ಕನ್ನಡದವರು. ಕೇಳಿದರೆ, "ನಮಗ ಮರಾಠಿ ಓದಾಕ ಬರೂದಿಲ್ರಿ ಅಕ್ಕಾರ" ಎಂದು ಮುಗುಳ್ನಗುತ್ತಿದ್ದರು.

ಆಗ ನನಗೊಂದು ಉಪಾಯ ಹೊಳೆಯಿತು. ಈಗ ನೆನೆದರೆ ಹಣೆ ಹಣೆ ಬಡಿದುಕೊಳ್ಳಬೇಕು ಅನಿಸುತ್ತದೆ. ಕನ್ನಡದಲ್ಲಿ ಬೋರ್ಡು ಬರೆಸಿದೆ.

ಮಿರಜದ ಪೇಂಟರನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಕಾಗದದ ಮೇಲೆ ದಪ್ಪಗೆ ಬರೆದುಕೊಟ್ಟೆ. ಅವನು ರಂಗೋಲಿ ನೋಡಿ ಹಾಕಿದ ಹಾಗೆ ಒಂದೊಂದೇ ಅಕ್ಷರವನ್ನು ನೋಡಿ ನೋಡಿ ಬಿಡಿಸಿದ. ಬಹಳ ಚಂದ ಬಂತು. ಆದರೆ ಬರೆದುಕೊಟ್ಟ ಮಾತಿನಲ್ಲೇ ನಾನು ಎಡವಿದ್ದೆ. ಮರಾಠಿ ಬೋರ್ಡಿನಂತೆ ಖಡಕ್ಕಾಗಿ ಬರೆಯಲು ನನ್ನ ಕೈ ಏಳಲಿಲ್ಲ. ನಮ್ಮ ಮಂದಿಗೆ ನಮ್ಮ ಮಾತಿನಲ್ಲಿ ಹಾಗೆ ಬರೆದರೆ ಹೇಗೆ ಅಂತ, "ದಯಮಾಡಿ ಇಲ್ಲಿ ಗಾಡಿ ಹಚ್ಚಬ್ಯಾಡ್ರಿ. ಅಡಚಣಿ ಇದ್ರ ಮ್ಯಾಲ ಬಂದು ಕೇಳ್ರಿ. ಒಂದನೇ ಮಾಳಿಗಿ, ಮೂರನೇ ನಂಬರ್ ಮನಿ" ಎಂದು ಬರೆಸಿದ್ದೆ.

ಬಂದರು. ಎಲ್ಲರೂ ಮೇಲೆ ಬಂದರು. ಇಡೀ ಓಣಿಯಲ್ಲಿ ಅದೊಂದೇ ಕನ್ನಡ ಬೋರ್ಡು. ಆಸ್ಪತ್ರೆಯ ಭಯ ಹೊತ್ತು ಪರ ಊರಿಗೆ ಬಂದವರಿಗೆ ಅದು ನೆಂಟರ ಮನೆಯ ಬಾಗಿಲಿನಂತೆ ಕಂಡಿತೋ ಏನೋ. ಮೊದಲು ನನ್ನ ಜಾಗದಲ್ಲಿ ಗಾಡಿ ನಿಲ್ಲಿಸುತ್ತಿದ್ದರು, ನಾನು ಬಂದ ಮೇಲೆ ಹೇಗೋ ಗಾಡಿ ತೆಗೆದು, ನನ್ನ ಬೆನ್ನಿಗೇ ಮೆಟ್ಟಿಲೇರಿ ಬಂದು, "ಕನ್ನಡ ಬೋರ್ಡ್ ನೋಡಿ ಬಂದಿವ್ರಿ" ಎನ್ನುತ್ತಿದ್ದರು. ಒಬ್ಬರಿಗೆ ಥರ್ಮಾಸಿಗೆ ಬಿಸಿನೀರು ಬೇಕು. ಒಬ್ಬರಿಗೆ ಮಾತ್ರೆಯನ್ನು ಊಟಕ್ಕೆ ಮೊದಲು ತಗೋಬೇಕೋ ಆಮೇಲೋ ಎಂದು ಕೇಳಬೇಕು. ಒಬ್ಬ ಅಜ್ಜಿ ಏನೂ ಬೇಡ ಎಂದು ಹೇಳಿ, ಸುಮ್ಮನೆ ಅರ್ಧ ತಾಸು ಕುಳಿತು ತನ್ನ ಸೊಸೆಯ ವಿಷಯ ಮಾತಾಡಿ ಹೋದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆದರೆ ನನ್ನ ತವರಿನ ಒಂದು ರೂಢಿ ನನ್ನ ಕೈ ಕಟ್ಟಿಹಾಕಿತ್ತು. ಬಿಸಿಲಿನಿಂದ ಬಂದವರ ಕೈಗೆ ಮೊದಲು ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು, ಮಾತು ಆಮೇಲೆ. ಬೆಲ್ಲ ತಿಂದವರನ್ನು ಬೈಯುವಂತಿಲ್ಲ. ಹೀಗಾಗಿ ಬೆಲ್ಲ ಕೊಡುವ ಮೊದಲೇ ಬೈದು ಮುಗಿಸಬೇಕು ಎಂದು ಬಾಗಿಲಲ್ಲೇ ನಿಲ್ಲಿಸಿ ಶುರು ಮಾಡುತ್ತಿದ್ದೆ. ಎರಡು ಮಾತು ಮುಗಿಯುವುದರೊಳಗೆ ಅವರ ಬೆವತ ಮುಖ ಕಣ್ಣಿಗೆ ಬೀಳುತ್ತಿತ್ತು. ಕಾಲು ತಾವಾಗಿಯೇ ಅಡುಗೆಮನೆಗೆ ಹೋಗುತ್ತಿದ್ದವು.

"ನೀ ಬೋರ್ಡ್ ಹಚ್ಚಿದ್ದು ಗಾಡಿ ತಡಿಯಾಕೋ, ಬೀಗರನ ಕರಿಯಾಕೋ?" ಎಂದು ಮನೆಯವರು ಕೇಳಿದರು. ಆ ತಿಂಗಳು ನಮ್ಮ ಮನೆಯಲ್ಲಿ ಬೆಲ್ಲದ ಎರಡು ಪೆಂಟೆ ಖಾಲಿಯಾಗಿದ್ದವು.

ಹೀಗಿರುವಾಗ ದೀಪಾವಳಿ ಹತ್ತಿರ ಬಂತು. ಕವಲಾಪುರದವರು ಮುಂದಿನ ಭಾನುವಾರ ಕಾರು ನೋಡಲು ಬರುತ್ತಾರೆ ಎಂದು ಮನೆಯವರು ಹೇಳಿದರು. ಗೀರು ಬಿದ್ದಿಲ್ಲ, ರಸ್ತೆಯಲ್ಲಿ ಬಿಟ್ಟಿಲ್ಲ, ಮತ್ತೇಕೆ ಎಂದು ನಾನು ಜಗಳ ತೆಗೆದೆ. ಅವರು ನಿಧಾನವಾಗಿ ಹೇಳಿದರು. "ದಿನಾ ತಾಸುಗಟ್ಲೆ ಗೇಟಿನ್ಯಾಗ ಕುಂತು ಶೇಂಗಾ ತಿಂತಿ ಅಂತ ಮಾಸ್ತರು ಹೇಳಿದ್ರು. ಇದಕ್ಕ ಗಾಡಿ ಓಡಸೂದು ಅಂತಾರೇನು? ನಿನಗ ತ್ರಾಸ ಯಾಕ?"

ಅವರು ಗೆಲ್ಲಬೇಕೆಂದು ಹೇಳಿದ ಮಾತಲ್ಲ ಅದು, ನಿಜವಾಗಿಯೂ ನನ್ನ ತ್ರಾಸಕ್ಕೆ ಮರುಗಿ ಹೇಳಿದ್ದು. ಅದಕ್ಕೇ ಜಾಸ್ತಿ ಅಳು ಬಂತು.

ಮರುದಿನ ಒಂದೂವರೆಗೆ ಬಂದು ನೋಡಿದರೆ ಮೂರನೇ ನಂಬರಿನಲ್ಲಿ ಒಂದು ಬಿಳಿ ಪಿಕಪ್ ಗಾಡಿ. ಅದರ ಹಿಂದಿನ ಹಲಗೆಯ ಮೇಲೆ ಅರವತ್ತರ ಆಸುಪಾಸಿನ ಒಬ್ಬ ಧಡೂತಿ ಮನುಷ್ಯ, ಹೆಗಲ ಮೇಲೆ ಕೆಂಪು ಅಂಚಿನ ಟಾವೆಲ್, ಕಾಲು ಇಳಿಬಿಟ್ಟು ಕುಳಿತು ರೊಟ್ಟಿ ತಿನ್ನುತ್ತಿದ್ದ. ನಾನು ಕಾರಿನಿಂದ ಇಳಿದೆ. ಅಷ್ಟು ದಿನ ಬೆಲ್ಲದ ಸಲುವಾಗಿ ನುಂಗಿಕೊಂಡದ್ದೆಲ್ಲ ಆ ಒಬ್ಬನ ಮೇಲೆ ಸುರಿಯಿತು. ಕಣ್ಣು ಕಾಣುವುದಿಲ್ಲವೇ, ಬೋರ್ಡು ಓದಲು ಬರುವುದಿಲ್ಲವೇ, ಇದೇನು ನಿಮ್ಮಪ್ಪನ ಕಣವೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ರೊಟ್ಟಿ ಬದಿಗಿಟ್ಟು, ಕೈ ಮಡಚಿಕೊಂಡು, ಶಾಲೆಯ ಹುಡುಗನಂತೆ ಪೂರ್ತಿ ಕೇಳಿದ.

"ಬೈಯ್ರಿ ಅಕ್ಕಾರ, ಇನ್ನಷ್ಟ ಬೈಯ್ರಿ. ದವಾಖಾನ್ಯಾಗ ಎಲ್ಲಾರೂ ಮೆತ್ತಗ ಮಾತಾಡತಾರ, ಜೀವ ಹೆದರತೈತಿ. ನೀವು ಬೈದ್ರ ಮನ್ಯಾಗ ಇದ್ದಂಗ ಆಕ್ಕೈತಿ."

ಯಾವ ಊರು, ಯಾರಿಗೆ ಏನಾಗಿದೆ ಎಂದು ಕೇಳಿದೆ. ಅವನ ಊರು ಆರಗ. ಮಗಳ ಚೊಚ್ಚಲ ಹೆರಿಗೆ, ಮೂರು ದಿನದಿಂದ ಕಾಯುತ್ತಿದ್ದಾರೆ, ಡಾಕ್ಟರು ಇನ್ನೂ ನೋಡೋಣ ಎನ್ನುತ್ತಿದ್ದಾರೆ. ಆರಗದಲ್ಲಿ ಎರಡೂ ಭಾಷೆ ನಡೆಯುತ್ತದಲ್ಲ, ಮರಾಠಿ ಬೋರ್ಡೂ ಓದಲು ಬರಬೇಕಲ್ಲ ಎಂದು ನಾನು ಬಿಡದೆ ಕೇಳಿದೆ.

"ಬರತೈತ್ರಿ. ಮೊದಲ ಮರಾಠಿ ಬೋರ್ಡ್ ಅಷ್ಟ ಇದ್ದಾಗ ಒಮ್ಮಿ ಬಂದಿದ್ನಿ, ಹೆದರಿ ರಸ್ತಾದಾಗ ಹಚ್ಚಿದ್ನಿ. ಈಗ ಕನ್ನಡ ಬೋರ್ಡ್ ಕಂಡ್ತು. ನಮ್ಮವರದಾರ, ಬೈದು ಸುಮ್ನಾಗತಾರ ಅಂತ ಒಳಗ ತಂದ್ನಿ."

ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ತೆಗೆಯುತ್ತೇನೆ ಎಂದು ಎದ್ದವನು ಸುತ್ತ ನೋಡಿ, ನೀರಿನ ಟಾಕಿಯ ಪಕ್ಕದ ಇರುಕು ಜಾಗ ತೋರಿಸಿದ. ಅದು ಯಾರ ನಂಬರಿನದೂ ಅಲ್ಲ. ಒಂದು ಕಡೆ ಟಾಕಿಯ ಗೋಡೆ, ಇನ್ನೊಂದು ಕಡೆ ಸ್ಕೂಟರುಗಳ ಸಾಲು. ಅಲ್ಲಿ ಸೈಕಲ್ಲು ನಿಲ್ಲಿಸಲೂ ನನಗೆ ಧೈರ್ಯವಿರಲಿಲ್ಲ.

"ಅಲ್ಲೈತಲ್ರಿ ಬೇಕಾದಷ್ಟು ಜಾಗಾ. ಅಲ್ಲಿ ಯಾಕ ಹಚ್ಚವಲ್ರಿ?"

"ನನಗ ಇದೊಂದ ಜಾಗಾ ಬಿಟ್ರ ಎಲ್ಲೂ ಹಚ್ಚಾಕ ಬರೂದಿಲ್ಲ" ಎಂದೆ. ಆ ಮಾತನ್ನು ಅಲ್ಲಿಯ ತನಕ ನಾನು ಯಾರ ಮುಂದೆಯೂ ಹೇಳಿರಲಿಲ್ಲ. ಗಂಡನ ಮುಂದೆ ಅಂತೂ ಇಲ್ಲವೇ ಇಲ್ಲ.

ಅವನು ನಗಲಿಲ್ಲ. ತಾನು ಮೂವತ್ತು ವರ್ಷದಿಂದ ಕಬ್ಬಿನ ಟ್ರ್ಯಾಕ್ಟರ್ ಓಡಿಸುವವನು ಎಂದ. ಒಂದರ ಹಿಂದೆ ಒಂದು ಎರಡು ಟ್ರಾಲಿ, ಅಷ್ಟನ್ನೂ ಸಕ್ಕರೆ ಕಾರ್ಖಾನೆಯ ಅಂಗಳದಲ್ಲಿ ಹಿಂದಕ್ಕೆ ತೆಗೆಯಬೇಕು. ಮುಂದಿನ ಟ್ರಾಲಿ ಒಂದು ಕಡೆ ಹೊರಳಿದರೆ ಹಿಂದಿನದು ಇನ್ನೊಂದು ಕಡೆ ಹೊರಳುತ್ತದೆಯಂತೆ. ಮೊದಲ ವರ್ಷ ತಾನೂ ಅಂಗಳದಲ್ಲಿ ಅತ್ತಿದ್ದೆ ಎಂದ. ಆಮೇಲೆ ಹೆಗಲ ಮೇಲಿನ ಟಾವೆಲನ್ನು ತೆಗೆದು ಮಡಚಿ, ಟಾಕಿಯ ಪಕ್ಕದ ಜಾಗದಲ್ಲಿ ಹಿಂದೆ ನೆಲಕ್ಕೆ ಹಾಸಿದ.

"ಹಿಂದಿನ ಗಾಲಿ ಇದರ ಮ್ಯಾಲ ನಿಲ್ಲಬೇಕು, ಅಷ್ಟ. ಗೋಡಿ ನೋಡಬ್ಯಾಡ್ರಿ, ಗೋಡಿ ನೋಡಿದ್ರ ಕೈ ಗೋಡಿ ಕಡೆ ಹೋಗತಾವ. ಸ್ಕೂಟರ್ ನೋಡಬ್ಯಾಡ್ರಿ. ಕನ್ನಡ್ಯಾಗ ಖಾಲಿ ಜಾಗಾ ಎಲ್ಲೈತಿ, ಅದನ್ನ ನೋಡ್ರಿ."

ಆ ದಿನ ಏಳು ಸಲ ಹಿಂದೆ ಮುಂದೆ ಮಾಡಿ ಹೇಗೋ ಒಳಗೆ ಸೇರಿಸಿದೆ. ಸ್ಕೂಟರಿಗೆ ತಗಲುವಷ್ಟರಲ್ಲಿ ಅವನು ಎತ್ತುಗಳಿಗೆ ಹೇಳುವ ಹಾಗೆ "ಹೋ ಹೋ ಹೋ" ಎಂದು ಕೂಗುತ್ತಿದ್ದ, ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಬೀಳುತ್ತಿತ್ತು. ಮಾಸ್ತರರು ಹೊರಗೆ ಬಂದು ತುಳಸಿ ಕುಂಡವನ್ನು ಎತ್ತಿಕೊಂಡು ಒಳಗೆ ಹೋದರು. ಎರಡನೇ ದಿನವೂ ಅವನು ಕಾದಿದ್ದ. ಮಗಳ ವಾರ್ಡಿನ ಹೊರಗೆ ಸುಮ್ಮನೆ ಕೂರುವುದಕ್ಕಿಂತ ಇದು ವಾಸಿ, ಕೈಗೆ ಕೆಲಸ ಇದ್ದರೆ ತಲೆಗೆ ಚಿಂತೆ ಹತ್ತುವುದಿಲ್ಲ ಎಂದ. ನಾನು ಮೇಲಿನಿಂದ ಬೆಲ್ಲ, ನೀರು, ಎರಡು ರೊಟ್ಟಿ ತಂದುಕೊಟ್ಟೆ.

ಮೂರನೇ ದಿನ ನಾನು ಮೊದಲನೇ ಸಲಕ್ಕೇ ಹಿಂದೆ ಹೋದೆ. ಗೋಡೆ ನೋಡಲಿಲ್ಲ. ಖಾಲಿ ಜಾಗ ಕನ್ನಡಿಯಲ್ಲಿ ಹಿಗ್ಗುತ್ತ ಬಂದ ಹಾಗೆ ಕಂಡಿತು. ಗಾಲಿಯ ಕೆಳಗೆ ಏನೋ ಮೆತ್ತಗೆ ಸಿಕ್ಕಿತು. ಬಾಗಿಲು ತೆರೆದು ಬಗ್ಗಿ ನೋಡಿದರೆ ಟಾವೆಲಿನ ನಟ್ಟನಡುವೆ ಗಾಲಿ ನಿಂತಿತ್ತು. ಅದೇ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. ಕೇಳಿದವನೇ ಮುಖ ತುಂಬ ನಗುತ್ತ, ಕಣ್ಣು ಒರೆಸಿಕೊಳ್ಳಲು ಹೆಗಲಿಗೆ ಕೈ ಹಾಕಿದ. ಟಾವೆಲು ಅಲ್ಲಿರಲಿಲ್ಲ, ನನ್ನ ಗಾಲಿಯ ಕೆಳಗಿತ್ತು.

"ಹೆಣ್ಣು ಕೂಸ್ರಿ ಅಕ್ಕಾರ! ಇಬ್ರೂ ಆರಾಮ ಅದಾರಂತ!"

"ತಡೀರಿ, ಗಾಡಿ ತಗೀತೇನಿ, ಟಾವೆಲ್..."

"ಇರ್ಲಿ ಬಿಡ್ರಿ, ಚೊಲೋ ನಿಂತೈತಿ, ತಗೀಬ್ಯಾಡ್ರಿ" ಎನ್ನುತ್ತ ಅಂಗಿಯ ತೋಳಿನಿಂದಲೇ ಕಣ್ಣು ಒರೆಸಿಕೊಂಡು, ಆ ವಯಸ್ಸಿನಲ್ಲಿ, ಆ ಮೈ ಹೊತ್ತುಕೊಂಡು ಗೇಟಿನಾಚೆ ಓಡಿದ. ನಾನು ಒಬ್ಬಳೇ ನಿಂತು ಯಾರದೋ ಮೊಮ್ಮಗಳಿಗಾಗಿ ಅತ್ತೆ. ಮರುದಿನ ಅವನು ಜಿಲೇಬಿ ತಂದುಕೊಟ್ಟು, ಪಿಕಪ್ ತೆಗೆದುಕೊಂಡು ಹೋದ. ಒಗೆದು ಮಡಚಿಟ್ಟ ಟಾವೆಲನ್ನು ಕೊಡಹೋದರೆ ತೆಗೆದುಕೊಳ್ಳಲಿಲ್ಲ.

ಭಾನುವಾರ ಬಂತು. ಬೆಳಿಗ್ಗೆ ನಾನು ವಿಶ್ರಾಮಬಾಗದ ಕಡೆ ಹಬ್ಬದ ಸಂತೆ ಮಾಡಿಕೊಂಡು ಬರಲು ಹೋಗಿದ್ದೆ. ಭಾನುವಾರವೆಂದರೆ ರೋಗಿಗಳನ್ನು ನೋಡಲು ಬರುವ ನೆಂಟರ ದಿನ. ವಾಪಸ್ ಬಂದಾಗ ಮೂರನೇ ನಂಬರಿನಲ್ಲಿ ಕರ್ನಾಟಕದ ನಂಬರಿನ ಒಂದು ಕೆಂಪು ಕಾರು ಆರಾಮಾಗಿ ನಿಂತಿತ್ತು. ಮೇಲೆ ನಮ್ಮ ಗ್ಯಾಲರಿಯಲ್ಲಿ ಮನೆಯವರೂ ಕವಲಾಪುರದವರೂ ಚಹಾದ ಬಸಿ ಹಿಡಿದು ನಿಂತಿದ್ದರು. ಮನೆಯವರ ಮುಖ ಗೇಟಿನ ಕಡೆಯೇ ಇತ್ತು. ಇನ್ನು ಹಾರ್ನು ಶುರುವಾಗುತ್ತದೆ, ಆಮೇಲೆ ಶೇಂಗಾ ಎಂದು ಅವರು ಅಂದುಕೊಂಡಿರಬೇಕು.

ನಾನು ಹಾರ್ನು ಹೊಡೆಯಲಿಲ್ಲ. ಟಾಕಿಯ ಮುಂದೆ ಹೋಗಿ, ಗೇರು ಹಾಕಿ, ಕನ್ನಡಿಯಲ್ಲಿ ಖಾಲಿ ಜಾಗವನ್ನಷ್ಟೇ ನೋಡಿದೆ. ಟಾವೆಲು ನನ್ನ ಪಕ್ಕದ ಸೀಟಿನ ಮೇಲಿತ್ತು, ನೆಲದ ಮೇಲೆ ಗುರುತು ಏನೂ ಇರಲಿಲ್ಲ. ಹೋ ಹೋ ಎನ್ನುವವರೂ ಇರಲಿಲ್ಲ. ನಾನೇ ಸಣ್ಣಗೆ "ಹೋ ಹೋ" ಎಂದುಕೊಂಡು ನಿಲ್ಲಿಸಿದೆ.

ಗ್ಯಾಲರಿಯಿಂದ ಆ ಮೂಲೆ ಕಾಣುವುದಿಲ್ಲ. ಇಬ್ಬರೂ ಕೆಳಗೆ ಇಳಿದು ಬಂದರು. "ಗಾಡೀ ಕುಠೇ ಗೇಲೀ?" ಎಂದು ಕವಲಾಪುರದವರು ಮೂರನೇ ನಂಬರಿನ ಕೆಂಪು ಕಾರನ್ನು ನೋಡಿ ಗಾಬರಿಯಾದರು, ಕಾರು ಎಲ್ಲಿ ಹೋಯಿತು ಎಂದು. ನಾನು ಟಾಕಿಯ ಕಡೆ ಕೈ ತೋರಿಸಿದೆ. ಮನೆಯವರು ಆ ಇರುಕಿನ ಹತ್ತಿರ ಹೋಗಿ ನಿಂತರು. ಮಗ್ಗುಲಿನ ನೋಟ ಅವರಿಗಿಲ್ಲ. ಕಾರಿನ ಮೈಮೇಲೆ ಅಂಗೈ ಇಟ್ಟು, ಮುಂದಿನ ದೀಪದಿಂದ ಹಿಂದಿನ ದೀಪದ ತನಕ ಸವರುತ್ತ ಹೋದರು. ಹಿಂದಿನಿಂದ ಸುತ್ತಿ, ಗೋಡೆಗೂ ಕಾರಿಗೂ ನಡುವೆ ಅಡ್ಡಡ್ಡ ನುಸುಳಿ ಆ ಬದಿಯನ್ನೂ ಸವರಿದರು. ಎಲ್ಲೂ ಒಂದು ಗೀರಿಲ್ಲ. ಹೊರಗೆ ಬಂದಾಗ ಅವರ ಬಿಳಿ ಅಂಗಿಯ ಬೆನ್ನೆಲ್ಲ ಸುಣ್ಣವಾಗಿತ್ತು.

"ಇಲ್ಲಿ ನನಗೂ ಯಾವತ್ತೂ ಹಚ್ಚಾಕ ಆಗಿದ್ದಿಲ್ಲ" ಎಂದರು.

ಕವಲಾಪುರದವರಿಗೆ ಅವರು ಮರಾಠಿಯಲ್ಲಿ ಏನೋ ನಯವಾಗಿ ಹೇಳಿ, ಕೈ ಮುಗಿದು ಕಳಿಸಿಕೊಟ್ಟರು. ಕಾರು ಕೊಡುವುದಿಲ್ಲ ಎಂಬುದಷ್ಟೇ ನನಗೆ ಕೇಳಿಸಿತು. ಆಮೇಲೆ ನನ್ನ ಕಡೆ ತಿರುಗಿ, "ಅಂಗಡಿ ಕೀಲಿ ಹಾಕಿನೋ ಇಲ್ಲೋ ನೆನಪಾಗವಲ್ದು, ಸಾಂಗಲಿಗೆ ಒಂದು ಸುತ್ತು ಹೋಗಿ ಬರೂನು ನಡಿ" ಎಂದರು. ಅಂಗಡಿಗೆ ಕೀಲಿ ಹಾಕಿದ್ದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಬಸ್ಸಿಗೆ ಹೋಗುತ್ತೀರೋ ಎಂದು ನಾನು ಕೇಳಲಿಲ್ಲ.

ಕಾರನ್ನು ಇರುಕಿನಿಂದ ಹೊರಗೆ ತಂದು ನಿಲ್ಲಿಸಿದೆ. ಅವರು ಸುತ್ತಿ ಬಂದು ಎಡಗಡೆಯ ಬಾಗಿಲು ತೆಗೆದು, ಟಾವೆಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕುಳಿತರು. ಮೊಣಕಾಲು ಮುಂದಿನ ಪೆಟ್ಟಿಗೆಗೆ ತಾಗುತ್ತಿತ್ತು. ಸೀಟಿನ ಅಕ್ಕಪಕ್ಕ ಕೈಯಾಡಿಸಿದರು, ಏನೂ ಸಿಗಲಿಲ್ಲ. ತಮ್ಮದೇ ಕಾರಿನಲ್ಲಿ ಅವರು ಆ ಸೀಟಿನ ಮೇಲೆ ಒಮ್ಮೆಯೂ ಕುಳಿತವರಲ್ಲ.

"ಇದನ್ನ ಹಿಂದ ಸರಸೂದು ಹೆಂಗ?" ಎಂದು ಕೇಳಿದರು.

"ಕೆಳಗ ಕೈ ಹಾಕ್ರಿ, ಕಬ್ಬಿಣದ ಹಿಡಿ ಐತಿ. ಅದನ್ನ ಮ್ಯಾಲ ಎತ್ತಿ ಹಿಂದ ಸರೀರಿ" ಎಂದು ಹೇಳಿಕೊಟ್ಟು, ಅವರು ಸರಿಯಾಗಿ ಕೂರುವ ತನಕ ಕಾದು, ಗೇರು ಹಾಕಿದೆ.